ನಾಯಿಯ ಮಾಲಕರ ಹೆಸರು

ಶಹಾಪುರದ ನಮ್ಮ ಓಣಿಯಲ್ಲಿದ್ದ ಶೇಖಮ್ಮನ ಗಂಡ ಅಂಬ್ರಪ್ಪ, ನಿಜಾಮರ ಆಳ್ವಿಕೆ ಮುಗಿದ ವರ್ಷದ ಗದ್ದಲದಲ್ಲಿ ಕುರಿ ಹೊಡೆದುಕೊಂಡು ಕೃಷ್ಣೆಯ ಆಚೆ ದಂಡೆಗೆ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದು ಹೇಳಿದವರಿಲ್ಲ, ಕಂಡೆವೆಂದವರೂ ಇಲ್ಲ. ಮೊದಲೆರಡು ವರ್ಷ ಜನ ಅವನ ಸುದ್ದಿ ಕೇಳುತ್ತಿದ್ದರು. ಆಮೇಲೆ ಅವಳಿಗೆ ನೋವಾದೀತೆಂದು ಅವಳ ಮುಂದೆ ಅವನ ಹೆಸರೆತ್ತುವುದನ್ನೇ ಬಿಟ್ಟರು. ಗಂಡನ ಹೆಸರು ಹೇಳುವ ರೂಢಿ ಅವಳಿಗೂ ಇರಲಿಲ್ಲ. ಹೀಗೆ ಏಳು ವರ್ಷ ಆ ಹೆಸರು ಅವಳ ಕಿವಿಗೆ ಬೀಳಲಿಲ್ಲ.

ಅವನು ಬಿಟ್ಟುಹೋದದ್ದು ಒಂದು ನಾಯಿಮರಿ, ಕರಿಯ. ಕುರಿಗಳಿಲ್ಲದ ಮನೆಯಲ್ಲಿ ಕುರಿ ಕಾಯುವ ನಾಯಿಯಾಗಿ ಬೆಳೆಯಿತು.

ನಮ್ಮ ಕಡೆಯ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಒಂದು ಬೆಳಿಗ್ಗೆ ಕರಿಯನ ಬಾಯಿಂದ ಜೊಲ್ಲು ಸುರಿಯತೊಡಗಿತು. ಬಾಯಿ ಮುಚ್ಚಲು ಬರದೆ ಮುಂಗಾಲಿನಿಂದ ಮುಸುಡಿ ಕೆರೆದುಕೊಳ್ಳುತ್ತಿತ್ತು. ಮೈದುನ ಮಲ್ಕಪ್ಪ ಬಡಿಗೆ ತಂದ.

“ಹುಚ್ಚ ಹಿಡದೈತಿ ವೈನಿ, ಸರೀರಿ.”

“ಹುಚ್ಚಿದ್ರ ನೀರ ಕುಡೀತಿತ್ತೇನು? ಈಗ ಕುಡದೈತಿ ನೋಡು.”

“ಒಂದ ನಾಯಿ ಸಲುವಾಗಿ ಓಣಿ ಮಂದಿಗೆಲ್ಲ ಕಚ್ಚಿಸ್ತೀರೇನು?”

“ಹೊಡಿ ಅನ್ನಾಕ ಇದು ನನ್ನ ನಾಯಿ ಅಲ್ಲ. ಯಾರದೈತಿ ಅವರು ಬಂದು ಹೇಳ್ಲಿ.”

ಮಲ್ಕಪ್ಪ ಬಡಿಗೆ ಕೆಳಗಿಳಿಸಿದ. “ಮಧ್ಯಾಹ್ನತನ ನೋಡ್ತೀನ್ರಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ,” ಎಂದ.

ಅವಳು ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ದನದ ದವಾಖಾನೆಗೆ ಓಡಿದಳು. ಡಾಕ್ಟರು ಹಳ್ಳಿಗೆ ಹೋಗಿದ್ದರು. ಗಾಯ ಕಟ್ಟುವ ಮನ್ಸೂರಅಲಿ ಒಬ್ಬನೇ ಇದ್ದ. ಅವನು ನಿಜಾಮರ ಕಾಲದ ನೌಕರ. ಓದು ಬರಹವೆಲ್ಲ ಉರ್ದು. ಈಗ ರಿಜಿಸ್ಟರು ಕನ್ನಡದಲ್ಲಿರಬೇಕೆಂದು ಆದೇಶ ಬಂದು, ಐವತ್ತರ ವಯಸ್ಸಿನಲ್ಲಿ ಮಗಳ ಪಾಟಿಯ ಮೇಲೆ ಅಕ್ಷರ ತಿದ್ದಿ ಕಲಿತಿದ್ದ.

ಅವನು ಕೋಲಿನ ತುದಿಯಿಂದ ನಾಯಿಯ ತುಟಿ ಸರಿಸಿ ನೋಡಿದ.

“ಹುಚ್ಚಲ್ಲ ಯಮ್ಮಾ. ಎಲುಬು ಮ್ಯಾಲಿನ ದವಡಿಗೆ ಅಡ್ಡ ಕುಂತೈತಿ. ಚಿಮಟಾ ನೀರಾಗ ಇಟ್ಟೀನಿ, ಕುದೀಲಿ, ತಗೀತೀನಿ. ಅಷ್ಟರಾಗ ಹೆಸರ ಬರಸು. ಮಾಲಕರು ಯಾರು?”

ಅವಳು ಕಂಬಳಿಯ ಅಂಚು ಸರಿಮಾಡತೊಡಗಿದಳು.

“ನಿನ್ನ ಹೆಸರ ಬರೀಲೇನು?”

“ಬ್ಯಾಡ್ರಿ.”

ತನ್ನ ಹೆಸರು ಬರೆಸಿದರೆ, ಗಂಡ ಇನ್ನಿಲ್ಲವೆಂದು ತಾನೇ ಸರಕಾರಕ್ಕೆ ಬರೆದುಕೊಟ್ಟಂತೆ ಎಂದು ಅವಳಿಗೆ ಅನಿಸಿತು.

“ನಾಯಿ ಬಾಯಾಗ ಎಲುಬೈತಿ,” ಎಂದ ಮನ್ಸೂರಅಲಿ. “ನಿನ್ನ ಬಾಯಾಗ ಏನೈತಿ?”

ಅವಳು ಸೆರಗು ಮುಂದಕ್ಕೆಳೆದುಕೊಂಡು, ಮದುವೆಯಲ್ಲಿ ಹೆಂಗಸರು ದಾರಿಗೆ ಅಡ್ಡ ನಿಂತು ಗಂಡನ ಹೆಸರು ಕೇಳಿದಾಗ ಮದುಮಗಳು ಹೇಳುವಂತೆ, ಪ್ರಾಸ ಕೂಡಿಸಿ ಒಡಪು ಕಟ್ಟಿ ಹೇಳಿದಳು:

“ಎರಿಹೊಲದಾಗ ಬಿಳಿಜ್ವಾಳದ ಸಾಲ, ಅಂಬ್ರಪ್ಪರ ಕೈಯಾಗ ಕುರಿ ಕಾಯೋ ಕೋಲ.”

ಮನ್ಸೂರಅಲಿ ನಗಲಿಲ್ಲ. ಲೇಖನಿ ಹಿಡಿದು ಕುಳಿತ. ಒತ್ತಕ್ಷರ ಅವನಿಗೆ ಇನ್ನೂ ಕೈಗೆ ಬಂದಿರಲಿಲ್ಲ.

“ಅಂ... ಬ್ರ... ಬಕಾರಕ್ಕ ಹ್ಯಾಂಗ ಹಚ್ಚೂದಿದು... ಅಂಬ್ರ... ಪ್ಪ.” ಬರೆದ, ಹೊಡೆದುಹಾಕಿದ. “ಅಂಬ್ರ... ಅಂಬ್ರಪ್ಪ.”

ಶೇಖಮ್ಮ ನಾಯಿಯ ಕೊರಳು ಹಿಡಿದು ಕೇಳುತ್ತ ಕುಳಿತಳು. ನೀರು ಕುದಿಯತೊಡಗಿದ್ದು ಅವಳ ಕಣ್ಣಿಗೆ ಬಿತ್ತು. ಒಂದು ಗಳಿಗೆ ಹೇಳಲಿಲ್ಲ. ಮತ್ತೊಮ್ಮೆ ಅವನು ಹೆಸರು ಹೇಳಿ ಮುಗಿಸಿದ ಮೇಲೆ, ನಾಯಿಯ ಮುಖ ನೋಡಿ ನಾಚಿ, “ನೀರ ಕುದೀತ್ರಿ,” ಎಂದಳು.

ಎಲುಬು ಒಂದೇ ಎಳೆತಕ್ಕೆ ಬಂತು. ಮಧ್ಯಾಹ್ನ ಕರಿಯ ರೊಟ್ಟಿ ತಿನ್ನುವುದನ್ನು ಮಲ್ಕಪ್ಪ ನಿಂತು ನೋಡಿ, ಬಡಿಗೆ ಮೂಲೆಗಿಟ್ಟು ಹೊಲಕ್ಕೆ ಹೋದ.

ಆ ವರ್ಷ ಶೇಖಮ್ಮ ನಾಯಿಯನ್ನು ದವಾಖಾನೆಗೆ ಬಹಳ ಸಲ ಕರೆದೊಯ್ದಳು. ಒಮ್ಮೆ ಕಾಲಿಗೆ ಮುಳ್ಳು, ಒಮ್ಮೆ ಕಿವಿಯಲ್ಲಿ ಉಣ್ಣೆಹುಳ, ಒಮ್ಮೆ ಏನೂ ಇರಲಿಲ್ಲ. ಪ್ರತಿ ಸಲವೂ ರಿಜಿಸ್ಟರಿನಲ್ಲಿ ಮಾಲಕರ ಹೆಸರು ಹೊಸದಾಗಿ ಬರೆಯಬೇಕು. ಬರೆದು ಬರೆದು ಮನ್ಸೂರಅಲಿಯ ಕೈ ಪಳಗಿತು. ಒಂದು ದಿನ ಅವನು ಬಾಯಿ ಬಿಡದೆ, ಒಂದೇ ಉಸಿರಿಗೆ ಬರೆದು ರಿಜಿಸ್ಟರು ಮುಚ್ಚಲು ಹೋದ.

“ಅವಸರ ಏನೈತ್ರಿ,” ಎಂದಳು ಶೇಖಮ್ಮ. “ನಿಧಾನಕ ಬರೀರಿ.”