ಕೆಂಪು ಸೀಗಡಿಯ ಕುಬಸ

ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೊದಲು ಅಜ್ಜನ ಮಗ್ಗವಿತ್ತು. ಮಗ್ಗ ಹೋಗಿ, ನೇಯುವಾಗ ಕಾಲು ಇಳಿಬಿಡುತ್ತಿದ್ದ ಕುಣಿಗೆ ಹಲಗೆ ಮುಚ್ಚಿ ವರ್ಷಗಳಾಗಿವೆ. ಆ ಹಲಗೆಯ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ ನಾನೊಂದು ಗಾಜಿನ ತೊಟ್ಟಿ ಇಟ್ಟೆ. ಎರಡು ಕೊಡ ನೀರು ಹಿಡಿಯುವಷ್ಟು ದೊಡ್ಡದು. ತಳಕ್ಕೆ ಕಪ್ಪು ಮರಳು, ಒಂದು ಕಟ್ಟಿಗೆಯ ತುಂಡು, ಅದಕ್ಕೆ ಸುತ್ತಿದ ಹಸಿರು ಪಾಚಿ, ಗುಳುಗುಳು ಎನ್ನುವ ಗಾಳಿಯ ಪಂಪು. ಒಂದು ತಿಂಗಳು ಅದರಲ್ಲಿ ಬೇರೇನೂ ಇರಲಿಲ್ಲ. ಸೀಗಡಿ ಬಿಡುವ ಮೊದಲು ನೀರು ಪಳಗಬೇಕು. ಕಣ್ಣಿಗೆ ಕಾಣದ ಜೀವಗಳು ಮರಳಿನಲ್ಲಿ ನೆಲೆಸಿ ಹೊಲಸನ್ನು ಕರಗಿಸುವುದನ್ನು ಕಲಿಯಬೇಕು. ಇದನ್ನೆಲ್ಲ ನಾನು ಓದಿಕೊಂಡಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಪ್ಪ ಅವ್ವ ದಿನವಿಡೀ ಸೀರೆ ಅಂಗಡಿಯಲ್ಲಿರುತ್ತಾರೆ. ಮನೆಯಲ್ಲಿ ಇರುವವಳು ಆಯಿ, ಅಪ್ಪನ ತಾಯಿ. ಹಲಗೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತ, ಓಣಿಯಲ್ಲಿ ಹೋಗುವವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ನಮ್ಮ ಎಮ್ಮೆಸ್ಸಿ ಬರೇ ನೀರಿಗೆ ಲೈಟ್ ಹಚ್ಚಿ ಕುಂತೈತಿ ನೋಡ್ರಿ. ಮದುವಿ ಇಲ್ಲದ ಹಂದರ ಹಾಕಿದಂಗ."

ತಿಂಗಳು ಕಳೆದ ಮೇಲೆ ಗದಗಿನ ಮೀನಿನ ಅಂಗಡಿಯಿಂದ ಹತ್ತು ಕೆಂಪು ಸೀಗಡಿ ತಂದೆ. ಒಂದೊಂದೂ ಕಿರುಬೆರಳಿನ ಉಗುರಿಗಿಂತ ತುಸು ಉದ್ದ. ಅಂಗಡಿಯವನು ಚೀಲಕ್ಕೆ ಗಂಟು ಹಾಕುತ್ತ, "ಇವು ಭಾಳ ನಾಜೂಕರಿ ಮೇಡಮ್ಮರ. ಔಷಧ ಹಾಕಬ್ಯಾಡ್ರಿ. ತಾಮ್ರ ಅಂತೂ ತಾಗಿಸಲೇಬ್ಯಾಡ್ರಿ" ಎಂದ. ನಾನು ತಲೆಯಾಡಿಸಿದೆ. ಓದಿದ್ದು ರಸಾಯನಶಾಸ್ತ್ರ, ಮುಂಡರಗಿಯ ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ತಾಮ್ರ ಇಂಥ ಜೀವಗಳಿಗೆ ವಿಷವೆಂದು ನನಗೆ ಹೇಳಬೇಕಾಗಿರಲಿಲ್ಲ.

"ಸೀಗಡಿ ಅಂದ್ರ ಸಂತ್ಯಾಗ ಒಣಗಿಸಿ ಮಾರ್ತಾರಲ್ಲ, ಅದ ಏನು?" ಮನೆಗೆ ತಂದಾಗ ಆಯಿ ಕೇಳಿದಳು; ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ.

"ಅದರ ಬಳಗ. ಆದ್ರ ಇವು ತಿನ್ನೂವಲ್ಲ."

"ಹಂಗಾರ ಆ ಹೆಸರು ಬ್ಯಾಡ. ಕೆಂಪವ್ವ ಅನ್ನೂಣು."

ಹತ್ತು ಕೆಂಪವ್ವಗಳು ಪಾಚಿಯ ಮೇಲೆ ಇಳಿದು, ಅದೇ ಕ್ಷಣದಿಂದ ಕೆಲಸಕ್ಕೆ ಕೂತವು. ಅವಕ್ಕೆ ಬಿಡುವೆಂಬುದು ಇಲ್ಲ. ಕೂದಲಿನಷ್ಟು ಸಣ್ಣ ಕೈಗಳು ಹೆಕ್ಕಿ ಬಾಯಿಗಿಡುತ್ತವೆ, ಹೆಕ್ಕಿ ಬಾಯಿಗಿಡುತ್ತವೆ. "ಕೈ ನೋಡು, ಲಾಳಿ ಒಗದಂಗ" ಎಂದಳು ಆಯಿ. ಅಂದಿನಿಂದ ಆ ಕೋಣೆಯಲ್ಲಿ ಮತ್ತೆ ನೇಯ್ಗೆ ನಡೆದಂತೆ ನನಗೆ ಅನಿಸುತ್ತಿತ್ತು, ಸದ್ದಿಲ್ಲದ ನೇಯ್ಗೆ. ಮಧ್ಯಾಹ್ನದ ಬಿಸಿಲು ತೊಟ್ಟಿಯನ್ನು ಹಾದು ಎದುರು ಗೋಡೆಯ ಮೇಲೆ ನಡುಗುವಾಗ, ಗೋಡೆಯೇ ನೀರಾಗಿ ನಾನು ಅದರ ತಳದಲ್ಲಿ ಕೂತಂತೆ ಆಗುತ್ತಿತ್ತು.

ನಮ್ಮೂರ ನೀರಿನ ಕಷ್ಟವೂ ಅವಕ್ಕೆ ಒಗ್ಗಿತು. ನಳ ಬಂದ ದಿನ ಬ್ಯಾರಲ್ ತುಂಬಿಟ್ಟರೆ ಮತ್ತೆ ಬರುವತನಕ ಅದೇ ನೀರು. ನಿಂತು ನಿಂತು ಅದರ ಕ್ಲೋರಿನ್ ಹಾರಿಹೋಗಿರುತ್ತದೆ. ನಾವು ಬೇಸರದಿಂದ ಬಳಸುವ ಹಳೆಯ ನೀರೇ ಕೆಂಪವ್ವಗಳಿಗೆ ಹಿತವಾಗಿತ್ತು.

ಒಂದು ಬೆಳಿಗ್ಗೆ ಮರಳಿನ ಮೇಲೆ ಒಂದು ಬಿದ್ದಿತ್ತು, ಬಣ್ಣವಿಲ್ಲದೆ, ಕೈಕಾಲು ಮೀಸೆ ಎಲ್ಲ ಹಾಗೇ ಇದ್ದು. ನನ್ನ ಮುಖ ನೋಡಿ ಆಯಿ ಕನ್ನಡಕ ಏರಿಸಿಕೊಂಡು ಬಂದಳು. "ಸತ್ತಿಲ್ಲಲೇ ಹುಚ್ಚಿ. ಕುಬಸಾ ಕಳದಾಳ." ಎಣಿಸಿದೆ, ಹತ್ತೂ ಇದ್ದವು. ಬೆಳೆಯುವಾಗ ಸೀಗಡಿ ಚಿಪ್ಪು ಕಳಚುತ್ತದೆಂದು ನಾನು ಓದಿದ್ದೆ. ಆಯಿ ಓದಿರಲಿಲ್ಲ, ನೋಡಿ ತಿಳಿದಳು.

ಕುಬಸ ಕಳಚಿದ ಕೆಲವೇ ದಿನಗಳಲ್ಲಿ, ಎಲ್ಲಕ್ಕಿಂತ ದೊಡ್ಡ ಕೆಂಪವ್ವನ ಹೊಟ್ಟೆಯ ಕೆಳಗೆ ನವಣೆ ಅಕ್ಕಿ ಕಟ್ಟಿಕೊಂಡಂತೆ ಮೊಟ್ಟೆಗಳು ಕಂಡವು. ಅವುಗಳಿಗೆ ಗಾಳಿ ಆಡಲೆಂದು ಅದು ಹೊಟ್ಟೆಯಡಿಯ ಕಾಲುಗಳನ್ನು ಸದಾ ಬೀಸುತ್ತಿತ್ತು. ಆಯಿಗೆ ನಗು ತಡೆಯಲಿಲ್ಲ. "ಕುಬಸಾ ಕಳದಾಕಿಗೆ ಈಗ ನಾವು ಕುಬಸಾ ಮಾಡೂದು ಬಂತಲ್ಲಬೇ!" ನಮ್ಮ ಕಡೆ ಕುಬಸವೆಂದರೆ ರವಿಕೆ, ಬಸುರಿಗೆ ಹಸಿರು ಸೀರೆ ಕುಬಸ ಕೊಟ್ಟು, ಆರತಿ ಎತ್ತಿ, ಬಯಸಿದ್ದನ್ನು ಉಣಿಸುವ ಕಾರ್ಯಕ್ಕೂ ಅದೇ ಹೆಸರು.

ಮುಂಡರಗಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಾನು ದಿನ ಲೆಕ್ಕ ಹಾಕುತ್ತಿದ್ದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು, ಕೆಂಪವ್ವನ ಕಾಲುಗಳಂತೆ. ಆ ಮೊಟ್ಟೆಗಳು ಒಡೆಯುವುದನ್ನು ನೋಡಬೇಕು. ಎಷ್ಟೋ ದಿನಗಳಿಂದ ನಾನು ಬಯಸಿದ್ದು ಅದೊಂದನ್ನೇ. ಅದನ್ನೂ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಲಕ್ಷ್ಮೇಶ್ವರದಲ್ಲಿ ಮೂರು ದಿನ ಪರೀಕ್ಷೆಯ ಕೆಲಸ ಬಂತು. ಹೊರಡುವಾಗ ಆಯಿಗೆ ಹೇಳಿದ್ದು ಒಂದೇ ಮಾತು: "ತಿನ್ನಾಕ ಏನೂ ಹಾಕಬ್ಯಾಡ."

"ಆತು, ಹೋಗಿ ಬಾ" ಎಂದಳು.

ಮೂರನೆಯ ದಿನ ಸಂಜೆಯ ಮುಂಚೆ ಬಂದೆ. ಮೊದಲು ಕಣ್ಣಿಗೆ ಬಿದ್ದದ್ದು ನೀರಿನ ಮಟ್ಟ. ಆ ಬಿಸಿಲಿಗೆ ಒಂದು ಬೆರಳಾದರೂ ಇಳಿದಿರಬೇಕಿತ್ತು. ತೊಟ್ಟಿ ಅಂಚಿನತನಕ ತುಂಬಿತ್ತು. ಆಮೇಲೆ ಮರಳು ನೋಡಿದೆ. ಏಳು ಬಿದ್ದಿದ್ದವು, ಕೆಂಪು ಮಾಸಿ ಗುಲಾಬಿಯಾಗಿ.

"ನೋಡಿದ್ಯಾ?" ಹಿಂದಿನಿಂದ ಆಯಿಯ ಹಿಗ್ಗಿನ ದನಿ. "ಎಲ್ಲಾರೂ ಕುಬಸಾ ಕಳದಾರ."

"ನೀರು ಯಾರು ಹಾಕಿದ್ರು?"

"ನಾನ. ಬಸರಿ ಹೆಂಗಸನ್ನ ಬ್ಯಾರಲಿನ ಹಳೇ ನೀರಾಗ ಇಟ್ಟಿಯಲ್ಲ ನೀ? ಹುಣಸಿಹಣ್ಣು ಹಚ್ಚಿ ತಾಮ್ರದ ಕೊಡ ತಿಕ್ಕಿ, ರಾತ್ರಿಯೆಲ್ಲಾ ತುಂಬಿಟ್ಟು, ಮುಂಜಾನಿ ಎರಡು ತಂಬಗಿ, ಸಂಜೀಕ ಎರಡು ತಂಬಗಿ. ಹಳೇದು ತಗದು ಹೊಸಾದು ಹಾಕೀನಿ. ನೀ ಹೊಟ್ಟ್ಯಾಗ ಇದ್ದಾಗ ನಿಮ್ಮವ್ವಗೂ ಅದನ್ನ ಕುಡಿಸಿದ್ದು."

ಅದು ಅವಳು ಮಾಡಿದ ಕುಬಸ.

ಬದುಕಿದ್ದ ಮೂರನ್ನು ಗಾಜಿನ ಭರಣಿಗೆ ತೆಗೆದೆ. ತೊಟ್ಟಿಯ ನೀರೆಲ್ಲ ಚೆಲ್ಲಿ, ಮರಳು ತೊಳೆದು, ಬ್ಯಾರಲಿನ ನೀರು ತುಂಬಿ, ಆ ಮೂರನ್ನು ಮರಳಿ ಬಿಟ್ಟೆ. ದೊಡ್ಡ ಕೆಂಪವ್ವ ಸತ್ತಿತ್ತು, ಮೊಟ್ಟೆಗಳು ಇನ್ನೂ ಅಂಟಿಕೊಂಡೇ ಇದ್ದವು. ಬಣ್ಣ ಹಚ್ಚುವ ಕುಂಚದಿಂದ ಅವನ್ನು ಒಂದೊಂದಾಗಿ ಚಹಾದ ಸೋಸಣಿಗೆಗೆ ಇಳಿಸಿ, ಪಂಪಿನ ಗುಳ್ಳೆಗಳು ಏಳುವಲ್ಲಿ ತೂಗುಹಾಕಿದೆ. ತಾಯಿಯ ಕಾಲು ಮಾಡುವ ಕೆಲಸವನ್ನು ಗುಳ್ಳೆಗಳು ಮಾಡಬಹುದೆಂದು ಎಲ್ಲೋ ಓದಿದ್ದ ನೆನಪು.

ಆಯಿ ಹಲಗೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. "ಯಾಕವ್ವಾ, ಏನಾತು?"

ಸೆಕೆಗೆ ಸತ್ತವು ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು ಆ ಮಾತು. ಅಂದಿದ್ದರೆ ಆಯಿ ನಾಳೆಯೂ ಅದೇ ಕೊಡ ತಿಕ್ಕುತ್ತಿದ್ದಳು.

"ಆಯಿ, ತಾಮ್ರ ಇವಕ್ಕ ವಿಷ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ನಿನಗ ಮೊದಲ ಗೊತ್ತಿತ್ತು?"

"ಗೊತ್ತಿತ್ತು. ನಾ ಹೇಳಬೇಕಾಗಿತ್ತು."

"ಇಷ್ಟು ಓದಿ ಬಾಯಿ ಎಲ್ಲಿ ಒತ್ತಿ ಇಟ್ಟಿದ್ದಿ?" ಎದ್ದು ಒಳಗೆ ಹೋದಳು. ಮರುದಿನ ಬೆಳಿಗ್ಗೆ ನಾನು ಏಳುವಾಗ ಅವಳಾಗಲೇ ತೊಟ್ಟಿಯ ಮುಂದಿದ್ದಳು. "ತಾಯಿ ಅಂತೂ ಹ್ವಾದ್ಲು. ಕೂಸುಗಳ ಬಾಣಂತನ ನನ್ನ ಪಾಲಿಗೆ ಬಂತು. ನೀ ಬಸ್ಸಿಗೆ ಹೋಗು."

ಹತ್ತು ಹನ್ನೆರಡು ದಿನ ಹಾಗೆ ನಡೆಯಿತು. ಬೆಳ್ಳಗಾದ ಮೊಟ್ಟೆಗಳನ್ನು ನಾನು ತೆಗೆದುಹಾಕುತ್ತಿದ್ದೆ. ಉಳಿದವುಗಳಲ್ಲಿ ಒಂದು ದಿನ ಎರಡೆರಡು ಕಪ್ಪು ಚುಕ್ಕೆ ಮೂಡಿದವು. ಕಣ್ಣುಗಳು. ಒಂದು ಮಧ್ಯಾಹ್ನ ಬೇಗ ಬಂದಾಗ ಕರೆಂಟು ಹೋಗಿತ್ತು, ಪಂಪು ನಿಂತಿತ್ತು. ಆಯಿ ಸೋಸಣಿಗೆಯ ಹಿಡಿಕೆ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತ ಕೂತಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ಎಷ್ಟು ಹೊತ್ತಿನಿಂದಲೋ. ನಾನು ಬಾಗಿಲಲ್ಲೇ ನಿಂತೆ. ಓಣಿಯಲ್ಲಿ ಎಲ್ಲೋ ಉಳಿದ ಒಂದು ಕೈಮಗ್ಗದ ಸದ್ದು ಬರುತ್ತಿತ್ತು. ಅವಳ ಕೈ ಆ ಸದ್ದಿಗೆ ಸರಿಯಾಗಿ ಆಡುತ್ತಿತ್ತು.

ಶನಿವಾರ ಕಾಲೇಜಿನಿಂದ ಬಂದಾಗ ಆಯಿ ತುಟಿಗೆ ಬೆರಳಿಟ್ಟಳು. "ಹಗೂರ ಬಾ. ತೊಟ್ಟಲದಾಗಿನ್ವು ಎದ್ದಾವು."

ಸೋಸಣಿಗೆಯ ಜಾಳಿಗೆಯ ಮೇಲೆ ಒಂಬತ್ತು ಮರಿಗಳಿದ್ದವು. ನೀರಿನಷ್ಟೇ ತಿಳಿ, ಎರಡು ಕಣ್ಣು ಇಲ್ಲದಿದ್ದರೆ ಇವೆಯೆಂದೇ ತಿಳಿಯದು. ಹುಟ್ಟಿದ್ದೇ ಕೈ ಆಡಿಸಲು ತೊಡಗಿದ್ದವು: ಹೆಕ್ಕಿ ಬಾಯಿಗೆ, ಹೆಕ್ಕಿ ಬಾಯಿಗೆ.

ಕಿಟಕಿಯ ಕೆಳಗೆ ಹೊಸ ಮಣ್ಣಿನ ಹರವಿಯೊಂದು ಬಂದು ಕೂತಿತ್ತು, ಬ್ಯಾರಲಿನ ನೀರು ತುಂಬಿ, ಮೇಲೆ ತಟ್ಟೆ ಮುಚ್ಚಿ. ಆಯಿ ಹಲಗೆಯ ಮೇಲೆ ಸರಿದು ನನಗೆ ಜಾಗ ಮಾಡಿದಳು.

"ಇನ್ನ ಏನೇನು ಆಗಿ ಬರೂದಿಲ್ಲ ಇವಕ್ಕ? ಎಲ್ಲಾ ಈಗ ಹೇಳಿಬಿಡು."

ನಾನು ಅವಳ ಪಕ್ಕ ಕೂತೆ. ಸಾಬೂನು ಹತ್ತಿದ ಕೈಯನ್ನು ನೀರಿಗೆ ಅದ್ದಬಾರದು ಎಂಬಲ್ಲಿಂದ ಶುರುಮಾಡಿದೆ. ಅವಳು ಒಂದೊಂದಕ್ಕೂ ಹೂಂ ಎನ್ನುತ್ತ ಹೋದಳು, ನಾನು ಹೇಳುತ್ತ ಹೋದೆ.