ಸಮುದ್ರ ಯಾವ ಪಟ್ಟಿಯಲ್ಲಿದೆ?

ಪ್ರವಾಸಿ ಕೈಪಿಡಿಗಳನ್ನು ಯಾರಾದರೂ ಹೊಗಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಕರಾವಳಿಗೆ ಹೋಗಬೇಕು, ಯಾವ ಪುಸ್ತಕ ಕೊಂಡರೆ ಒಳ್ಳೆಯದು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಬೇಸಿಗೆ ರಜೆಯ ಮುಂಚೆ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು. ಯಾವುದೂ ಒಳ್ಳೆಯದಲ್ಲ, ಆದರೂ ಒಂದು ಕೊಂಡುಕೊಳ್ಳಿ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನು ತಮಾಷೆ ಮಾಡುತ್ತಿರಲಿಲ್ಲ. ಅಂಥದ್ದೊಂದು ಪುಸ್ತಕ ಹಿಡಿದು ಅವ್ವನನ್ನು ಸಮುದ್ರಕ್ಕೆ ಕರೆದುಕೊಂಡು ಹೋದವಳು ನಾನು. ಅದರಲ್ಲಿದ್ದ ಮುಕ್ಕಾಲು ಪಾಲು ನಮ್ಮ ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದ ಒಂದೇ ಒಂದು ಸಂಗತಿ ಅದನ್ನು ಬರೆದ ಪುಣ್ಯಾತ್ಮನ ತಲೆಯಲ್ಲೂ ಇದ್ದಿರಲಾರದು.

ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮೂರು ಹುಣಸೂರು ತಾಲ್ಲೂಕಿನ ಹನಗೋಡಿನ ಪಕ್ಕ, ಲಕ್ಷ್ಮಣತೀರ್ಥ ಹೊಳೆಯ ದಂಡೆಯ ಮೇಲೆ. ನಾನು ಪಿರಿಯಾಪಟ್ಟಣದ ಒಂದು ಶಾಲೆಗೆ ಹೊಸದಾಗಿ ಟೀಚರ್ ಆಗಿ ಸೇರಿದ್ದೆ, ಮದುವೆಯಾಗಿರಲಿಲ್ಲ. ನಮ್ಮದು ಹೊಗೆಸೊಪ್ಪಿನ ಬೇಸಾಯ. ಮಳೆಗಾಲವೆಲ್ಲ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಸೊಪ್ಪು ಬೇಯಿಸುವ ಮನೆಯಲ್ಲಿ, ಅಂದರೆ ಬ್ಯಾರನ್ನಿನಲ್ಲಿ, ಏರಿಸಿ ಹಗಲೂ ರಾತ್ರಿ ಬೆಂಕಿ ಕಾಯುವುದು. ಒಣಗಿಸಿ ಕಟ್ಟಿದ ಸೊಪ್ಪಿನ ಕೊನೆಯ ಬೇಲು ಮಾರಾಟವಾಗುವ ಹೊತ್ತಿಗೆ ಸಂಕ್ರಾಂತಿ ಕಳೆದಿರುತ್ತಿತ್ತು. ಆಮೇಲೆ ನಮ್ಮ ದಾಯಾದಿಗಳೆಲ್ಲ ಸೇರಿ ಒಂದು ವ್ಯಾನು ಗೊತ್ತು ಮಾಡಿ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಎಂದು ಹೊರಡುತ್ತಿದ್ದರು. ಅಕ್ಕಿ, ರಾಗಿಹಿಟ್ಟು, ಸ್ಟವ್ವು, ದೊಡ್ಡ ಪಾತ್ರೆ ಎಲ್ಲವೂ ವ್ಯಾನಿನ ಮೇಲೆ. ಎಲ್ಲ ದೇವರೂ ಮುಗಿದ ಮೇಲೆ, ಡ್ರೈವರನಿಗೆ ಮನಸ್ಸು ಬಂದರೆ, ಮಲ್ಪೆಯಲ್ಲಿ ಕಾಲು ಗಂಟೆ ಸಮುದ್ರ.

ಆ ಕಾಲು ಗಂಟೆಯೂ ಅವ್ವನ ಪಾಲಿಗೆ ಬಂದಿರಲಿಲ್ಲ. ಹಸುಗಳನ್ನು ನೋಡಿಕೊಳ್ಳಲು ಒಬ್ಬರು ಇರಬೇಕಲ್ಲ, ಆ ಒಬ್ಬರು ಯಾವಾಗಲೂ ಅವ್ವನೇ. ವ್ಯಾನು ಹತ್ತುವ ಮೊದಲು ಅಪ್ಪ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ: ‘ಬರೋ ವರ್ಸ ನೀನು ಬಾ, ನಾನು ಉಳ್ಕತೀನಿ. ಸಮುದ್ರ ತೋರುಸ್ತೀನಿ ಬುಡು.’ ಅವ್ವ ಆ ಮಾತನ್ನು ನಂಬಿದ್ದಳು ಎನ್ನುವುದೇ ನನಗೆ ಈಗಲೂ ಸಂಕಟ.

ಅಪ್ಪ ಒಂದು ಆಗಸ್ಟಿನಲ್ಲಿ, ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದವನು ಹಾಗೇ ಕುಸಿದು ಹೋಗಿಬಿಟ್ಟ. ಸಾವಾದ ಮನೆಯವರು ವರ್ಷ ತುಂಬುವ ತನಕ ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗಿಲ್ಲ, ಹಬ್ಬ ಮಾಡುವ ಹಾಗಿಲ್ಲ. ಆ ಫೆಬ್ರವರಿಯಲ್ಲಿ ವ್ಯಾನು ಹೊರಡಲಿಲ್ಲ. ಪೇಟೆಯವರು ಹೆಂಡತಿ ಮಕ್ಕಳ ಜೊತೆ ಊಟಿಗೆ ಹೋದಂತೆ ನಮ್ಮವರು ಯಾರೂ ಎಲ್ಲಿಗೂ ಸುಮ್ಮನೆ ಹೋಗುವವರಲ್ಲ; ರಾತ್ರಿ ಹೊರಗೆ ಉಳಿಯಬೇಕಾದರೆ ಒಂದು ಹರಕೆ ಇರಬೇಕು, ಇಲ್ಲವೇ ಒಂದು ಮದುವೆ. ಎರಡೂ ಇಲ್ಲದ ವರ್ಷ ಅದು. ಅವ್ವ ಹಟ್ಟಿ ಗುಡಿಸುವುದು, ಗೊಬ್ಬರ ಹಾಕುವುದು, ಗೋಡೆ ನೋಡಿಕೊಂಡು ಕೂರುವುದು ಮಾಡುತ್ತಿದ್ದಳು. ಏಪ್ರಿಲ್ ಬಂತೆಂದರೆ ಹೊಗೆಸೊಪ್ಪಿನ ಸಸಿಗೆ ನೀರು ಹಾಕುವ ಕೆಲಸ, ಅಲ್ಲಿಗೆ ಮತ್ತೆ ಒಂದು ವರ್ಷ ಮುಗಿಯಿತು. ಆಕೆಗೆ ಸಿಕ್ಕರೆ ಫೆಬ್ರವರಿ, ಮಾರ್ಚ್ ಆ ಎರಡು ತಿಂಗಳು, ಸಿಗದಿದ್ದರೆ ಇಲ್ಲ. ನನಗೆ ಸಿಟ್ಟು ಬಂತು. ಅಪ್ಪನ ಮೇಲೂ ಬಂತು, ಸತ್ತವನ ಮೇಲೆ ಸಿಟ್ಟಾಗಬಾರದು ಎಂದು ಗೊತ್ತಿದ್ದೂ ಬಂತು.

ಮೈಸೂರಿನ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಆ ಕೈಪಿಡಿ ಸಿಕ್ಕಿತು. ರಟ್ಟಿನ ಮೇಲೆ ತೆಂಗಿನಮರ, ನೀಲಿ ನೀರು. ಮೊದಲ ಪುಟದಿಂದಲೇ ಜಗಳ ಶುರುವಾಯಿತು. ಎಲ್ಲ ದಾರಿಗಳೂ ಬೆಂಗಳೂರಿನಿಂದ ಹೊರಡುತ್ತಿದ್ದವು. ನಮ್ಮ ಹುಣಸೂರಿಗೆ ಒಂದು ಸಾಲು ಸಿಕ್ಕಿತ್ತು: ಮಡಿಕೇರಿ ದಾರಿಯಲ್ಲಿ ಕಾಫಿಗೆ ನಿಲ್ಲಬಹುದು! ಮಂಗಳೂರು ಬಸ್ಸು ದಿನಾ ನಮ್ಮ ಮೂಗಿನ ಕೆಳಗೇ ಹಾದುಹೋಗುತ್ತದೆ ಎನ್ನುವುದು ಅದಕ್ಕೆ ಗೊತ್ತಿರಲಿಲ್ಲ. ಅಕ್ಟೋಬರಿನಿಂದ ಹೊರಡಲು ಸಕಾಲ ಎಂದು ಬರೆದಿತ್ತು. ಅಕ್ಟೋಬರಿನಲ್ಲಿ ಹೊಗೆಸೊಪ್ಪು ಬಿಟ್ಟು ಹೊರಡುವವರನ್ನು ನಮ್ಮೂರಲ್ಲಿ ಒದ್ದು ಓಡಿಸುತ್ತಾರೆ. ಕಾರು ಎಲ್ಲಿ ನಿಲ್ಲಿಸಬೇಕು, ಹೆಂಡತಿಗೆ ಸೂರ್ಯಾಸ್ತ ಎಲ್ಲಿಂದ ತೋರಿಸಬೇಕು ಎಂದು ಪುಟಗಟ್ಟಲೆ ಬರೆದಿದ್ದವನಿಗೆ, ಗಂಡನೇ ಇಲ್ಲದೆ ಹೆಂಗಸರೂ ಸಮುದ್ರ ನೋಡಬಹುದು ಎಂದು ಹೊಳೆದಿರಲಿಲ್ಲ. ನಾನು ಅಂಚಿನಲ್ಲಿ ಪೆನ್ನಿನಿಂದ ತಿದ್ದುತ್ತಾ ಹೋದೆ. ಟೀಚರ್ ಬುದ್ಧಿ, ಕೆಂಪಿಂಕಿನಲ್ಲೇ ತಿದ್ದಿದೆ.

ದೊಡ್ಡಪ್ಪನಿಗೆ, ಅಂದರೆ ಅಪ್ಪನ ಅಣ್ಣನಿಗೆ, ಹೇಳದೆ ಹೊರಡುವಂತಿರಲಿಲ್ಲ. ಅವರು ಕೆಟ್ಟವರಲ್ಲ. ಅಪ್ಪ ಹೋದಾಗ ನಮ್ಮ ಬ್ಯಾರನ್ನಿನಲ್ಲಿದ್ದ ಸೊಪ್ಪು ಕೆಡದ ಹಾಗೆ ಅತ್ತುಕೊಂಡೇ ಬೆಂಕಿ ಕಾದವರು ಅವರು. ಆದರೆ ಪದ್ಧತಿ ಎಂದರೆ ಪದ್ಧತಿ. ಜಗಲಿಯ ಮೇಲೆ ಕೂತಿದ್ದವರು ಕೇಳಿದ್ದೇ ತಡ ತಲೆಯಾಡಿಸಿದರು.

‘ವರ್ಸ ತುಂಬ್ಲಿ ಕಣಮ್ಮಿ. ಬರೋ ವರ್ಸ ಎಲ್ಲಾರೂ ಓಗಣ. ಈಗ ದೇವ್ರತ್ರ ಓಗಂಗಿಲ್ಲ ಅಂತ ಗೊತ್ತಿಲ್ವಾ ನಿಂಗೆ?’

‘ದೇವ್ರತ್ರ ಯಾರು ಓಯ್ತಾರೆ ದೊಡ್ಡಪ್ಪ? ಸಮುದ್ರಕ್ಕೆ ಓಯ್ತೀವಿ.’

‘ಸಮುದ್ರ ಅಂದ್ರೆ ಏನು? ಗಂಗಮ್ಮ ಅಲ್ವಾ?’

‘ಅಂಗಾರೆ ನಮ್ಮ ಬೋರ್‌ವೆಲ್ಲೂ ಗಂಗಮ್ಮನೇ. ವರ್ಸ ತುಂಬೋಗಂಟ ಮೋಟ್ರು ಆಕ್ಬೇಡಿ.’

ದೊಡ್ಡಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಮಾತಿನಲ್ಲಿ ಗೆದ್ದರೆ ಸಾಲದು, ಹಿರಿಯರ ಎದುರು ಬಾಯಿ ಜೋರು ಮಾಡಿದಳು ಎಂದಷ್ಟೇ ಆಗುತ್ತದೆ ಎಂದು ನನಗೆ ಗೊತ್ತಿತ್ತು. ಆಗಲೇ ಕೈಪಿಡಿ ಕೆಲಸಕ್ಕೆ ಬಂದದ್ದು. ನಮ್ಮ ದೊಡ್ಡಪ್ಪ ಅಚ್ಚಾದ ಅಕ್ಷರಕ್ಕೆ ತಲೆಬಾಗುವವರು. ಪಂಚಾಂಗವಿರಲಿ, ಗೊಬ್ಬರದ ಚೀಲವಿರಲಿ, ಕನ್ನಡಕ ಹಾಕಿಕೊಂಡು ಪೂರ್ತಿ ಓದುವವರು. ಆ ಪುಸ್ತಕದ ಕೊನೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದರ ತಲೆಬರಹ ‘ಪುಣ್ಯಕ್ಷೇತ್ರಗಳು’. ಇನ್ನೊಂದರದ್ದು ‘ಪ್ರೇಕ್ಷಣೀಯ ಸ್ಥಳಗಳು’. ನಾನು ಪುಟ ತೆಗೆದು ಅವರ ತೊಡೆಯ ಮೇಲಿಟ್ಟೆ.

‘ಮಲ್ಪೆ ಸಮುದ್ರ ಯಾವ ಪಟ್ಟೀಲದೆ, ನೀವೇ ಓದಿ.’

ಅವರು ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಮೊದಲ ಪಟ್ಟಿ ಪೂರ್ತಿ ನೋಡಿದರು, ಇರಲಿಲ್ಲ. ಎರಡನೆಯದರಲ್ಲಿ ಸಿಕ್ಕಿತು. ಒಂದು ಜಲಪಾತಕ್ಕೂ ಒಂದು ದೀಪಸ್ತಂಭಕ್ಕೂ ನಡುವೆ, ಯಾವ ಪುಣ್ಯವೂ ಇಲ್ಲದೆ ಕೂತಿತ್ತು. ತುಂಬ ಹೊತ್ತು ನೋಡಿ ಪುಸ್ತಕ ಮುಚ್ಚಿದರು.

‘ಪುಸ್ತಕ್ದಲ್ಲಿ ಅಂಗದೆ, ಸರಿ. ಊರೋರು ಪುಸ್ತಕ ಓದಾಕಿಲ್ಲ ಕಣಮ್ಮಿ’ ಎಂದರು. ಬೇಡ ಎನ್ನಲಿಲ್ಲ. ಹಸುಗಳ ಹಾಲು ಕರೆಯುವ ಕೆಲಸ ನಾನು ನೋಡಿಕೊಳ್ಳುತ್ತೇನೆ, ಹೋಗಿ ಬನ್ನಿ ಎಂದು ಅವರ ಸೊಸೆ ಒಳಗಿನಿಂದ ಕೂಗಿ ಹೇಳಿದಳು.

ಮಡಿಕೇರಿ ಘಾಟಿಯ ಬಗ್ಗೆ ಪುಸ್ತಕದಲ್ಲಿ ‘ನಯನ ಮನೋಹರ’ ಎಂದು ಬರೆದಿತ್ತು. ಅವ್ವ ಸುಳ್ಯದವರೆಗೂ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡಳು. ನಿಂಬೆಹಣ್ಣು ಮೂಸಿದರೂ ನಿಲ್ಲಲಿಲ್ಲ. ಮಂಗಳೂರಿನಲ್ಲಿ ಬಸ್ಸು ಬದಲಿಸಿ, ಇನ್ನೂ ಬಿಸಿಲಿರುವಾಗಲೇ ಉಡುಪಿಯಲ್ಲಿ ಇಳಿದೆವು. ಊರಿಗೆ ಊರೇ ದೇವರ ದರ್ಶನಕ್ಕೆ ಹೋಗುವ ದಾರಿಯಲ್ಲಿ ನಾವಿಬ್ಬರೂ ಬೇರೆ ಕಡೆ ತಿರುಗಿದೆವು. ಅವ್ವ ನಿಂತಲ್ಲೇ ಆ ದಿಕ್ಕಿಗೆ ಒಮ್ಮೆ ಕೈ ಮುಗಿದಳು. ‘ಮುಂದಿನ್ಸಲ ಬತ್ತೀನಪ್ಪ, ಈಗ ಬರಂಗಿಲ್ಲ’ ಎಂದು ಹೇಳಿ ನಡೆದಳು.

ಕೈಪಿಡಿ ನಾಲ್ಕು ಲಾಡ್ಜುಗಳ ಹೆಸರು ಕೊಟ್ಟು ‘ಕೊಠಡಿಗಳು ಸುಲಭವಾಗಿ ದೊರೆಯುತ್ತವೆ’ ಎಂದಿತ್ತು. ಯಾರಿಗೆ ದೊರೆಯುತ್ತವೆ ಎಂದು ಬರೆದಿರಲಿಲ್ಲ. ಮೊದಲನೆಯದರಲ್ಲಿ ಖಾಲಿ ಇಲ್ಲ ಎಂದರು, ನಮ್ಮ ಹಿಂದೆ ಬಂದವರಿಗೆ ಬೀಗದ ಕೈ ಕೊಟ್ಟರು. ಎರಡನೆಯದರಲ್ಲಿ ಮೇಜಿನ ಹಿಂದಿದ್ದವನು ನಮ್ಮ ಬೆನ್ನ ಹಿಂದೆ ಇಣುಕಿ ನೋಡಿದ.

‘ನೀವಿಬ್ಬರೇಯಾ? ಜೊತೆಗೆ ಗಂಡಸರು ಯಾರೂ ಇಲ್ವಾ?’

‘ಗಂಡ್ಸು ಸತ್ತೋಯ್ತು ಕಣಪ್ಪ. ಎಲ್ಲಿಂದ ತರ್ಲಿ?’ ಎಂದಳು ಅವ್ವ.

ಅವನ ಮುಖ ಸಣ್ಣದಾಯಿತು, ಆದರೂ ರೂಮು ಕೊಡಲಿಲ್ಲ. ಅವಮಾನದಿಂದ ನನ್ನ ಕಣ್ಣಲ್ಲಿ ನೀರು ಬಂತು. ವಾಪಸ್ಸು ಹೋಗೋಣ ಎಂದು ಬಾಯಿಯವರೆಗೆ ಬಂದಿತ್ತು. ಅವ್ವ ಬ್ಯಾಗು ನನ್ನ ಕೈಯಿಂದ ಕಿತ್ತುಕೊಂಡು ಎದುರು ಸಾಲಿಗೆ ದಾಟಿದಳು. ಮೂರನೆಯದರಲ್ಲೂ ಇಲ್ಲ ಎಂದರು. ನಾಲ್ಕನೆಯದರಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು, ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟಳು. ನಾನು ಆ ಹೆಸರಿನ ಪಕ್ಕ ಕೆಂಪು ಗುರುತು ಹಾಕಿ ‘ಹೆಂಗಸರಿಗೆ ಇದೊಂದೇ’ ಎಂದು ಬರೆದೆ.

ಮಾರನೆಯ ಬೆಳಿಗ್ಗೆ ಮಲ್ಪೆಗೆ ಹೋದೆವು. ಅವ್ವ ಮರಳಿನ ಮೇಲೆ ನಿಂತು ಸಮುದ್ರವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲಿ, ‘ಇಷ್ಟೊಂದು ಸದ್ದು ಮಾಡ್ತದೆ ಅಂತ ಒಬ್ರೂ ಹೇಳ್ನೇ ಇಲ್ವಲ್ಲಮ್ಮಿ! ಬರ್ದಿತ್ತಾ ಅದ್ರಲ್ಲಿ?’ ಎಂದಳು. ಬರೆದಿರಲಿಲ್ಲ. ನೀಲಿ ಎಂದು ಬರೆದಿತ್ತು, ವಿಶಾಲ ಎಂದು ಬರೆದಿತ್ತು. ಕಿವಿ ಇದ್ದವರು ಯಾರೂ ಅಲ್ಲಿಗೆ ಹೋಗಿ ಬರೆದಂತಿರಲಿಲ್ಲ.

ಹೊಳೆ ದಂಡೆಯ ಜನ ನಾವು. ಹೊಳೆಗೆ ಬಟ್ಟೆ ಒಗೆಯಲು ಹೋದಾಗ ನೀರಿಗಿಂತ ಎರಡು ಮಾರು ಮೇಲೆ ಬುತ್ತಿ, ಚಪ್ಪಲಿ ಇಟ್ಟು ಇಳಿಯುವುದು ವಾಡಿಕೆ. ಅವ್ವ ಇಲ್ಲೂ ಹಾಗೇ ಮಾಡಿದಳು. ಒದ್ದೆ ಮರಳು ಬಿಟ್ಟು, ಜಾಗ ನೋಡಿ ಬ್ಯಾಗು ಇಟ್ಟಳು. ಅದರೊಳಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಬದಲಿ ಸೀರೆ. ಪಕ್ಕದಲ್ಲಿ ಚಪ್ಪಲಿ, ಮೇಲೆ ನನ್ನ ಕೈಪಿಡಿ. ನಾವು ದಡದಗುಂಟ ನಡೆದುಕೊಂಡು ಬಹಳ ದೂರ ಹೋದೆವು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು ಅವ್ವ ಒಂದೊಂದೇ ಅಲೆಗೆ ಕಾಲೊಡ್ಡಿ ನಿಲ್ಲುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ತಿರುಗಿ ಬಂದಾಗ ನಾವು ಬ್ಯಾಗು ಇಟ್ಟ ಜಾಗವೇ ಇರಲಿಲ್ಲ. ಅಲ್ಲೆಲ್ಲ ನೀರು. ಮೀನುಬುಟ್ಟಿಯ ಹೆಂಗಸೊಬ್ಬಳು ನಮ್ಮ ಬ್ಯಾಗನ್ನು ಎತ್ತಿ ಹಿಡಿದು ನಗುತ್ತಾ ನಿಂತಿದ್ದಳು.

‘ನೀರು ಏರುದು ಗೊತ್ತಿಲ್ವಾ ಮಾರಾಯ್ರೇ ನಿಮಗೆ?’

ನಮಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮ ಹೊಳೆ ಏರಬೇಕಾದರೆ ಕೊಡಗಿನಲ್ಲಿ ಮಳೆ ಹುಯ್ಯಬೇಕು. ನೀರು ಮೊದಲು ಕೆಂಪಾಗುತ್ತದೆ, ಕಸಕಡ್ಡಿ ತೇಲಿ ಬರುತ್ತದೆ, ಬಟ್ಟೆ ಒಗೆಯುವವರು ಎದ್ದು ಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ. ಮೋಡವೇ ಇಲ್ಲದ ಬಿಸಿಲಲ್ಲಿ ದಿನಕ್ಕೆ ಎರಡು ಸಲ ನೀರು ತಾನಾಗಿ ಏರಿ ಇಳಿಯುತ್ತದೆ ಎಂದು ಆ ಪುಸ್ತಕ ಒಂದು ಸಾಲಿನಲ್ಲೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿರಬೇಕು. ನಮ್ಮಂಥವರು ಆ ‘ಎಲ್ಲರ’ ಒಳಗೆ ಬರುವುದಿಲ್ಲ, ನನ್ನ ತಕರಾರು ಇಷ್ಟೇ. ರೊಟ್ಟಿ ಉಪ್ಪಾಗಿತ್ತು. ಅವ್ವನ ಚಪ್ಪಲಿ ಎರಡೂ ಹೋಗಿದ್ದವು. ಪುಸ್ತಕ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು, ನನ್ನ ಕೆಂಪಿಂಕೆಲ್ಲ ಕದಡಿಹೋಗಿತ್ತು. ಅದನ್ನು ಅಲ್ಲೇ ಬಿಟ್ಟೆ.

ಅವ್ವ ಮರಳಿನ ಮೇಲೆ ಕೂತಳು. ‘ನಿಮ್ಮಪ್ಪ ತೋರುಸ್ತೀನಿ ತೋರುಸ್ತೀನಿ ಅಂತಾನೇ ಓದ. ನಾನೂ ಕಾಯ್ತಾ ಕೂತಿದ್ನಲ್ಲ, ನಂಗೆ ಬುದ್ಧಿ ಇತ್ತಾ?’ ಎಂದು ಹೇಳಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅತ್ತು ಮುಗಿದ ಮೇಲೆ ಎದ್ದು ಮತ್ತೆ ನೀರಿಗಿಳಿದಳು. ಮಧ್ಯಾಹ್ನದವರೆಗೂ ಮೇಲೆ ಬರಲಿಲ್ಲ.

ಬರಿಗಾಲಲ್ಲೇ ಊರಿಗೆ ಬಂದಳು. ದಾರಿಯಲ್ಲಿ ಚಪ್ಪಲಿ ಕೊಳ್ಳೋಣ ಎಂದರೆ ಕೇಳಲಿಲ್ಲ. ನಮ್ಮ ಕಡೆ ಹೆಂಗಸೊಬ್ಬಳು ಬರಿಗಾಲಲ್ಲಿ ದೂರದಿಂದ ಬಂದಳೆಂದರೆ ಹರಕೆ ಎಂದೇ ಅರ್ಥ. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿತ್ತು: ಗಂಡ ಸತ್ತು ವರ್ಷ ತುಂಬುವ ಮುಂಚೆ ಇವಳು ಕದ್ದು ದೇವಸ್ಥಾನಕ್ಕೆ ಹೋಗಿ ಬಂದಿದ್ದಾಳೆ. ದೊಡ್ಡಪ್ಪ ನಮ್ಮ ಜಗಲಿಯಲ್ಲೇ ಕಾಯುತ್ತಿದ್ದರು, ಜೊತೆಗೆ ಊರಿನ ಇಬ್ಬರು ಹಿರಿಯರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಚಪ್ಪಲಿ ನೀರಿಗೆ ಹೋದದ್ದನ್ನೂ ಹೇಳಿದೆ. ಹಿರಿಯರು ಮುಖ ಮುಖ ನೋಡಿಕೊಂಡರು. ದೇವರೂ ಇಲ್ಲದೆ, ಬರೀ ನೀರು ನೋಡಲು ಅಷ್ಟು ದೂರ ಹೋದದ್ದು ಅವರಿಗೆ ಇನ್ನೂ ಕೆಟ್ಟದಾಗಿ ಕಂಡಿತು.

ದೊಡ್ಡಪ್ಪ ದಾರಿಯೊಂದನ್ನು ಯೋಚಿಸಿಟ್ಟಿದ್ದರು. ಅವ್ವನ ಮೇಲಿನ ಕರುಣೆಯಿಂದಲೇ ಯೋಚಿಸಿದ್ದು.

‘ಇಲ್ಲಿ ಕೇಳವ್ವ. ತಮ್ಮನ ಎಸ್ರಲ್ಲಿ ಸಮುದ್ರ ಸ್ನಾನ ಮಾಡ್ಬಂದೆ ಅಂದ್ಬುಡು. ಸತ್ತೋರಿಗೆ ಒಳ್ಳೇದಾಯ್ತದೆ ಅಂತ ಓದೆ ಅನ್ನು. ಅಲ್ಲಿಗೆ ಎಲ್ಲಾರ ಬಾಯೂ ಮುಚ್ತದೆ.’

ಸುಲಭದ ದಾರಿ. ನಾನಾಗಿದ್ದರೆ ಹೂಂ ಎಂದು ಒಳಗೆ ಹೋಗಿಬಿಡುತ್ತಿದ್ದೆನೇನೋ. ಮದುವೆಯಾಗಿ ಬಂದಾಗಿನಿಂದ ಅವ್ವ ಬಾವನ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಇಲ್ಲವೇ ನನ್ನ ಮೂಲಕ. ಅವತ್ತು ಅಂಗಳದ ನಡುವೆ, ಸೀರೆಯ ಅಂಚಿಗೆ ಇನ್ನೂ ಮರಳು ಮೆತ್ತಿಕೊಂಡು, ತಲೆ ಎತ್ತಿ ನಿಂತಳು.

‘ಇಲ್ಲ ಬಾವ. ಅವ್ರ ಎಸ್ರಲ್ಲಿ ವರ್ಸದ ಎಡೆ ಇಡ್ತೀನಿ, ಏನೇನು ಮಾಡ್ಬೇಕೋ ಎಲ್ಲಾ ಮಾಡ್ತೀನಿ. ಇದು ಅವ್ರಿಗಲ್ಲ. ಸಮುದ್ರ ನೋಡ್ಬೇಕು ಅಂತ ನಂಗೆ ಆಸೆ ಇತ್ತು, ಓಗಿ ನೋಡ್ಬಂದೆ. ಯಾರು ಕೇಳುದ್ರೂ ಇದ್ನೇ ಹೇಳಿ.’