ಕುದೇರಿನ ಕುಲುಮೆಗೆ ಟೆಂಪೊ ಕಬ್ಬಿಣ

ಮೈಸೂರಿನಲ್ಲಿ ಬೆಳಗ್ಗೆಯೇ ಬಸ್ಸು ಹತ್ತಿದ್ದರಿಂದ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ ಎಂದಾದ ಮೇಲೆ ಸೀಟು ಸಿಗುವುದೇ ಭಾಗ್ಯ. ಆಷಾಢದ ಮೋಡ ಕವಿದಿತ್ತು, ಮಳೆ ಮಾತ್ರ ಇರಲಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ನಮ್ಮಂಥ ಅಡುಗೆಯವರಿಗೆ ಬಿಡುವು. ಆ ಬಿಡುವನ್ನೇ ಕಾದು ಗುಂಡ್ಲುಪೇಟೆಗೆ ಹೊರಟಿದ್ದೆ.

ನಾನೂ ನನ್ನ ತಮ್ಮ ಮಂಜುವೂ ಮದುವೆ ಮನೆಗಳ ಅಡುಗೆ ವಹಿಸಿಕೊಳ್ಳುತ್ತಿದ್ದೆವು. ಕಳೆದ ಮಾಘದಲ್ಲಿ ಗುಂಡ್ಲುಪೇಟೆಯ ಮದುವೆಯೊಂದರ ಅಡುಗೆ ಮುಗಿಸಿ, ಪಾತ್ರೆ ತುಂಬಿಕೊಂಡು ಟೆಂಪೊದಲ್ಲಿ ಒಬ್ಬನೇ ಬರುತ್ತಿದ್ದ ಅವನು ಬೇಗೂರಿಗೆ ಮುಂಚೆ ದೀಪವಿಲ್ಲದೆ ನಿಂತಿದ್ದ ಲಾರಿಗೆ ಗುದ್ದಿ ಸತ್ತ. ಟೆಂಪೊ ಗುಂಡ್ಲುಪೇಟೆಯ ಗುಜರಿಗೆ ಹೋಯಿತು. ನನಗೆ ಅದರಿಂದ ಬೇಕಾಗಿದ್ದದ್ದು ಎರಡೇ, ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಗಳು ಮತ್ತು ಹಿಂಬದಿಯ ಹಲಗೆಗಳು.

ಮಂಜು ಹಿಂದೆ ಎರಡು ವರ್ಷ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿದ್ದ. ಅಲ್ಲಿನ ಮುಖ್ಯ ಬಾಣಸಿಗರ ಹತ್ತಿರ ಅವರ ಕೈ ಅಳತೆಗೇ ಮಾಡಿಸಿದ ಆರು ಚಾಕುಗಳಿದ್ದವಂತೆ. ಹಿಡಿಗಳಿಗೆ ಬಳಸಿದ ಮರದಿಂದಲೇ ಮಾಡಿದ ದಿಮ್ಮಿಯ ಸೀಳುಗಳಲ್ಲಿ ಅವು ಸಾಲಾಗಿ ನಿಂತಿರುತ್ತಿದ್ದವಂತೆ. ನಮಗೂ ಅಂಥದ್ದೊಂದು ಆಗಬೇಕು ಅಕ್ಕ ಎಂದು ಪ್ರತಿ ಸೀಸನ್ನಿಗೂ ನನ್ನ ತಲೆ ತಿನ್ನುತ್ತಿದ್ದ. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆ. ಈಗ ಮಾಡಿಸಿದರೆ ಅವನ ಟೆಂಪೊದ್ದೇ ಕಬ್ಬಿಣ, ಅದರದ್ದೇ ಮರ ಎಂದು ಹಟ ಹಿಡಿದಿದ್ದೆ. ಮನೆಯವರು ಬೇಡವೆಂದಷ್ಟೂ ನನ್ನ ಹಟ ಬಲಿಯಿತು.

ಬೇಗೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿತ್ತು. ಕಾರುಗಳು ಸಾಲಾಗಿ ನಿಂತಿದ್ದವು, ಜನ ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಂಜು ಸತ್ತ ಜಾಗವನ್ನು ಪೊಲೀಸರು ನನಗೆ ತೋರಿಸಿದ್ದರು. ಅಲ್ಲಿಯೂ ಒಂದು ಸಂಸಾರ ಮಗುವನ್ನು ಹೂವಿನ ಮಧ್ಯೆ ನಿಲ್ಲಿಸಿ ನಗು ನಗು ಎನ್ನುತ್ತಿತ್ತು. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು ಬಂದು ಕಿಟಕಿಯ ಗಾಜು ಎಳೆದೆ.

ಗುಜರಿಯವರು ಮಲಯಾಳಿ. ಮೂವತ್ತು ವರ್ಷದಿಂದ ಗುಂಡ್ಲುಪೇಟೆಯಲ್ಲಿದ್ದರೂ ಅವರ ಕನ್ನಡ ಇನ್ನೂ ಘಟ್ಟದ ಕೆಳಗೇ ಇತ್ತು. ನಾನು ಯಾರೆಂದು ತಿಳಿದ ಮೇಲೆ ಚೌಕಾಸಿಗೆ ಇಳಿಯಲಿಲ್ಲ. ಪಟ್ಟಿಗಳನ್ನು ಗ್ಯಾಸ್ ಕಟರಿನಿಂದ ಮೊಳದುದ್ದಕ್ಕೆ ಕತ್ತರಿಸಿ, ಎರಡು ಹಲಗೆ ಬಿಚ್ಚಿಸಿ, ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿಸಿ ಬಸ್‌ಸ್ಟ್ಯಾಂಡಿನವರೆಗೂ ಕಳಿಸಿಕೊಟ್ಟರು. ಚಾಮರಾಜನಗರದ ಬಸ್ಸಿನಲ್ಲಿ ನನಗೆ ಟಿಕೆಟ್ ಪುಕ್ಕಟೆ, ಗೋಣಿಗೆ ಮಾತ್ರ ಲಗೇಜು ಹಾಕಿದರು. ತೆರಕಣಾಂಬಿಯಲ್ಲಿ ಹತ್ತಿದವರೆಲ್ಲ ಅದನ್ನು ಎಡವಿ ನನ್ನನ್ನೇ ದುರುಗುಟ್ಟಿ ನೋಡಿದರು. ಚಾಮರಾಜನಗರದಲ್ಲಿ ಇನ್ನೊಂದು ಬಸ್ಸು ಹಿಡಿದು ಕುದೇರು ಸೇರುವಾಗ ಮಧ್ಯಾಹ್ನ ಕಳೆದಿತ್ತು.

ಕುದೇರಿನ ನಂಜುಂಡಾಚಾರಿ ಕಬ್ಬಿಣವನ್ನೂ ಮಾಡುತ್ತಾರೆ, ಮರವನ್ನೂ ಮಾಡುತ್ತಾರೆ. ತೆಂಗಿನಕಾಯಿ ಕಡಿಯಲು ಮಂಜು ಮಚ್ಚು ಮಾಡಿಸಿದ್ದು ಅವರಲ್ಲೇ. ನನ್ನ ಕಬ್ಬಿಣ ನಾನೇ ತರುತ್ತೇನೆಂದು ಫೋನಿನಲ್ಲಿ ಹೇಳಿದ್ದೆನೇ ಹೊರತು ಬೇರೇನೂ ಹೇಳಿರಲಿಲ್ಲ. ಅವರು ಗೋಣಿ ಬಿಚ್ಚಿ ಒಂದು ಪಟ್ಟಿಯನ್ನು ಎತ್ತಿ ಹಿಡಿದರು. ಗಾಡಿ ಕಬ್ಬಿಣ ತಂದವರನ್ನೆಲ್ಲ ಕೇಳುವ ಪ್ರಶ್ನೆಯನ್ನೇ ನನ್ನನ್ನೂ ಕೇಳಿದರು.

"ಈ ಗಾಡೀಲಿ ಯಾರಾರ ಸತ್ತೋಗವ್ರವ್ವಾ?"

ಇಲ್ಲವೆಂದಿದ್ದರೆ ಕೆಲಸ ಸಲೀಸಾಗಿ ಆಗುತ್ತಿತ್ತು. ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ನನ್ನ ತಮ್ಮ, ನಿಮ್ಮಲ್ಲಿ ಮಚ್ಚು ಮಾಡಿಸಿದ ಮಂಜು ಎಂದೆ. ಅವರಿಗೆ ಸುದ್ದಿಯೇ ಗೊತ್ತಿರಲಿಲ್ಲ. ಪಟ್ಟಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಹೆಗಲ ಮೇಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಆಗುವುದಿಲ್ಲವೆಂದರು.

"ಕುಡ್ಲು ಮಾಡ್ಕೊಡು ಅನ್ನು, ಮಾಡ್ತೀನಿ. ಗುದ್ಲಿ ಅನ್ನು, ಮಾಡ್ತೀನಿ. ಜೀವ ತಕ್ಕಂಡ ಕಬ್ಣವ ಅನ್ನದ ತಾವ್ಕೆ ಕಳ್ಸಕಿಲ್ಲ ಕಣವ್ವ."

ನಾನು ವಾದಕ್ಕಿಳಿದೆ. ಆರು ವರ್ಷ ಈ ಪಟ್ಟಿಗಳ ಮೇಲೆ ಅನ್ನದ ಹಂಡೆ ಕೂತಿತ್ತು, ಊರೂರಿನ ಮದುವೆ ಇದರ ಬೆನ್ನ ಮೇಲೇ ಉಂಡಿತ್ತು, ತಪ್ಪು ಲಾರಿಯದ್ದು, ಕಬ್ಬಿಣಕ್ಕೇಕೆ ಮೈಲಿಗೆ ಎಂದೆ. ಕುಲುಮೆಯ ಗಾಳಿಯಂತ್ರದ ಪಕ್ಕ ಕೂತಿದ್ದ ಅವರ ಹೆಂಡತಿ ಜಯಮ್ಮ, ಮಾಡಿಕೊಟ್ಟುಬಿಡಿ, ಇವಳು ಸುಮ್ಮನೆ ಹೋಗುವವಳಲ್ಲ ಎಂದರು. ಆಚಾರಿ ನೆಲಕ್ಕಿಟ್ಟಿದ್ದ ಪಟ್ಟಿಯನ್ನು ಮತ್ತೆ ಎತ್ತಿಕೊಂಡು ಒಪ್ಪಿದರು. ಒಂದು ಷರತ್ತು ಹಾಕಿದರು. ಬಿರುಕು ಬಿಟ್ಟದ್ದನ್ನು ಬಿಟ್ಟುಬಿಡಬೇಕು, ಮತ್ತೆ ಮಾಡಿ ಎನ್ನಬಾರದು.

ಅಂದು ಪಟ್ಟಿಗಳನ್ನು ಕಾಯಿಸಿ, ಮೆತ್ತಗಾಗಲೆಂದು ಬೂದಿಯಲ್ಲಿ ಹೂತರು. ನಾನು ಚಾಮರಾಜನಗರಕ್ಕೆ ಹಿಂದಿರುಗಿ ಲಾಡ್ಜು ಹಿಡಿದೆ. ಕೆಳಗಡೆಯ ಮಂಡಿಯ ಅರಿಸಿನದ ವಾಸನೆ ದಿಂಬಿಗೂ ಹತ್ತಿತ್ತು. ಮದುವೆ ಮನೆಯ ವಾಸನೆ ಅದು. ನಿದ್ದೆ ಬರಲಿಲ್ಲ.

ಮರುದಿನ ಆಚಾರಿ ಇಡೀ ದಿನ ಬಡಿದರು. ಆರು ಚಾಕುಗಳಿಗೆ ರೂಪ ಬಂತು. ದೊಡ್ಡದು ಗೇಣಿಗಿಂತ ಉದ್ದ, ಕೊನೆಯದು ಶುಂಠಿ ಹೆರೆಯುವಷ್ಟು ಸಣ್ಣದು. ಬಡಿತದ ನಡುನಡುವೆ ಹಲಗೆಗಳನ್ನು ಜೋಡಿಸಿ ದಿಮ್ಮಿ ಮಾಡಿ, ಆರು ಸೀಳು ಕೊರೆದು, ಉಳಿದ ಮರದಲ್ಲಿ ಹಿಡಿಗಳನ್ನು ಕೆತ್ತಿದರು. ಮರದ ಕೆಲಸ ಯಾವಾಗಲೂ ಕೊನೆಗೆ ಎಂದು ಗೊಣಗಿದರು. ದಿಮ್ಮಿಯನ್ನು ಮೊದಲೇ ನೋಡಬೇಕೆಂದು ಆತುರಪಟ್ಟವಳು ನಾನು. ಹಲಗೆಯಲ್ಲಿ ಇನ್ನೂ ಎಣ್ಣೆಯ ಕಲೆಯಿತ್ತು, ಮೂಸಿದರೆ ನಮ್ಮ ಅಡುಗೆಯದೇ ವಾಸನೆ. ಜಯಮ್ಮ ಮುದ್ದೆ, ಉಪ್ಪೆಸರು ಬಡಿಸಿದರು. ಕಾರ ಹದವಾಗಿತ್ತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮೂರನೆಯ ದಿನ ಅಲಗು ಗಡುಸಾಗಲೆಂದು ಹದ ಹಾಕುವ ಕೆಲಸ. ಕೆಂಪಗೆ ಕಾದ ದೊಡ್ಡ ಚಾಕುವನ್ನು ಎಣ್ಣೆಯಲ್ಲಿ ಅದ್ದಿದರು. ಟಿಣ್ ಎಂದಿತು, ಅಷ್ಟೆ. ಎತ್ತಿದಾಗ ಅಲಗಿನ ಅಡ್ಡಕ್ಕೆ ಕೂದಲೆಳೆಯ ಬಿರುಕು. ಎಣ್ಣೆಯನ್ನು ಬೆಚ್ಚಗೆ ಮಾಡಿ ಎರಡನೆಯದನ್ನು ಅದ್ದಿದರು. ಅದೂ ಹೋಯಿತು. ಮೂರನೆಯದಕ್ಕೆ ನಾನು ಬಾಗಿಲ ಹೊರಗೆ ನಿಂತೆ. ಅಲ್ಲಿಗೂ ಟಿಣ್ ಎಂದು ಕೇಳಿಸಿತು. ಐದು ಚಾಕುಗಳು ಹಾಗೆಯೇ ಹೋದವು.

"ಏಟು ಒಳಿಕೆ ಬಿದ್ದದೆ ಕಣವ್ವ," ಎಂದರು ಆಚಾರಿ. "ಮ್ಯಾಗೆ ಕಾಣಕಿಲ್ಲ."

ಸಣ್ಣದೊಂದು ಉಳಿಯಿತು. ಅದಕ್ಕೆ ಹಿಡಿ ಹಾಕಿ, ಸಾಣೆ ಹಿಡಿದು, ಕೈಗೆ ಕೊಡದೆ ಹಲಗೆಯ ಮೇಲಿಟ್ಟು ತೆಗೆದುಕೋ ಎಂದರು. ಉಳಿದ ಸೀಳುಗಳಿಗೆ ಬೇರೆ ಕಬ್ಬಿಣದಲ್ಲಿ ಮಾಡಿಕೊಡುತ್ತೇನೆ, ಕೂಲಿ ಬೇಡ ಎಂದರು. ನಾನು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಹೊರಡುವಾಗ ಜಯಮ್ಮ ಕೈ ಹಿಡಿದುಕೊಂಡರು.

"ಮೊದ್ಲು ಕುಯ್ದುದ್ದ ಬ್ಯಾರೇರ್ಗೆ ಕೊಡು. ಆಮೇಕೆ ನೀನೂ ಒಂದು ಚೂರು ತಿನ್ನು. ಆಗ ಅದು ಅನ್ನದ ಕತ್ತಿ ಆಯ್ತದೆ."

ಚಾಮರಾಜನಗರದಿಂದ ಸಂಜೆಯ ರೈಲು ಹಿಡಿದೆ. ದಿಮ್ಮಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಎದುರಿಗೆ ಕೂತಿದ್ದ ಅಜ್ಜಿ, ಅದೇನು ತೂತಿನ ಮರ ಎಂದು ಕೇಳಿದರು. ಚಾಕು ಇಡುವುದು ಎಂದೆ. ಚಾಕು ಎಲ್ಲಿ ಎಂದರು. ಇರುವ ಒಂದನ್ನು ತೋರಿಸಿದೆ. ಅಜ್ಜಿಗೆ ಖುಷಿಯಾಯಿತು. ಮಡಿಲಲ್ಲಿ ಸೀಬೆಹಣ್ಣಿತ್ತು, ಬಾಯಲ್ಲಿ ಹಲ್ಲಿರಲಿಲ್ಲ. ಹೆಚ್ಚಿಕೊಡವ್ವ ಎಂದರು.

ಕವಲಂದೆ ದಾಟುತ್ತಿದ್ದಾಗ ಹೆಚ್ಚಿಕೊಟ್ಟೆ. ಬೆಣ್ಣೆಗಿಳಿದಂತೆ ಇಳಿಯಿತು. ಮಂಜು ನೋಡಿದ್ದರೆ ಹಿಗ್ಗುತ್ತಿದ್ದ. ಅಜ್ಜಿ ಚೀಪಿ ಚೀಪಿ ತಿಂದು, ಒಂದು ಚೂರನ್ನು ನನ್ನ ಅಂಗೈಯಲ್ಲಿಟ್ಟು, ನೀನೂ ತಿನ್ನು ಎಂದು ನಂಜನಗೂಡಿನಲ್ಲಿ ಇಳಿದುಹೋದರು.

ಅಡುಗೆ ಮಾಡುವವಳು ನಾನು, ಏನೆಲ್ಲ ರುಚಿ ನೋಡಿದ್ದೇನೆ. ಇದು ಅನ್ನದ್ದೇ ಕಬ್ಬಿಣ ಎಂದು ಆಚಾರಿಯ ಎದುರು ಗಂಟಲು ಹರಿದುಕೊಂಡವಳೂ ನಾನೇ. ಚೂರನ್ನು ಎರಡು ಸಲ ತುಟಿಯವರೆಗೆ ತಂದೆ. ಎರಡು ಸಲವೂ ಸೂರ್ಯಕಾಂತಿಯ ಹೊಲದ ಪಕ್ಕದ ಆ ಜಾಗವೇ ಕಣ್ಣಿಗೆ ಕಟ್ಟಿತು, ಕೈ ಕೆಳಗಿಳಿಯಿತು. ಮೈಸೂರು ಸ್ಟೇಷನ್ನಿನಲ್ಲಿ ದಿಮ್ಮಿಯನ್ನು ಕಂಕುಳಲ್ಲಿ ಅವುಚಿಕೊಂಡು ಇಳಿದೆ. ಸೀಬೆಯ ಚೂರು ಇನ್ನೂ ಮುಷ್ಟಿಯಲ್ಲೇ ಇತ್ತು.